ಕೈಯಿಂದ ಮಾಡಿದ ಅರಿಕೆ

ಕಿವುಡರ ಜೊತೆ ಕೆಲಸ ಮಾಡುವವರಿಗೆ ಅವರೇ ಒಂದು ಹೆಸರು ಕೊಡುತ್ತಾರೆ. ಅದು ಬಾಯಲ್ಲಿ ಕರೆಯುವ ಹೆಸರಲ್ಲ, ಕೈಯಲ್ಲಿ ತೋರಿಸುವ ಹೆಸರು. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ನಾನು ಸನ್ನೆ ಭಾಷೆಯ ದುಭಾಷಿಯಾಗಿ ಸೇರಿದ ಎರಡನೇ ವಾರ ನನಗೂ ಒಂದು ಸಿಕ್ಕಿತು. ಹೆಬ್ಬೆರಳು, ತೋರುಬೆರಳು ಕೂಡಿಸಿ ತುಟಿಯ ಮೇಲೆ ಗುಂಡಿ ಹಾಕಿದ ಹಾಗೆ ಮಾಡುವುದು. ಊಟದ ಹೊತ್ತಿನಲ್ಲೂ ನಾನು ನನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದು ಅದರ ಅರ್ಥ. ಬೇಜಾರು ಮಾಡಿಕೊಳ್ಳಲು ಕಾರಣವಿರಲಿಲ್ಲ, ಅದು ನಿಜವೇ ಆಗಿತ್ತು.

ಹೆಸರಿಟ್ಟವರು ಓವರ್‌ಲಾಕ್ ಮಷಿನ್ನಿನಲ್ಲಿ ಬಟ್ಟೆಯ ಅಂಚು ಹೊಲಿಯುವ ಅಕ್ಕ. ಅವರ ಹೆಸರು ಕೆನ್ನೆಗೆ ತೋರುಬೆರಳು ಒತ್ತಿ ಒಂದು ಸುತ್ತು ತಿರುಗಿಸುವುದು, ನಕ್ಕರೆ ಅಲ್ಲಿ ಗುಳಿ ಬೀಳುತ್ತದೆ. ಇಲ್ಲಿ ಅವರನ್ನು ಗುಳಿಕೆನ್ನೆ ಅಕ್ಕ ಎನ್ನುತ್ತೇನೆ. ಅವರ ಮಾತುಗಳನ್ನು ನಾನು ಅವುಗಳಿಗೆ ದನಿ ಕೊಡುವ ರೀತಿಯಲ್ಲೇ ಬರೆಯುತ್ತಿದ್ದೇನೆ. ಅವರು ಕೈಯಲ್ಲಿ ಹೇಳಿದ್ದು ಇದಕ್ಕಿಂತ ಚುರುಕಾಗಿತ್ತು.

ನಮ್ಮ ಕ್ರೈಸ್ತ ಸಭೆ ಲಗ್ಗೆರೆಯಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಎರಡನೇ ಮಹಡಿಯಲ್ಲಿದೆ. ನಾನು ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು, ಕೊನೆಯ ಆಮೆನ್ ಆಗುತ್ತಿದ್ದಂತೆ ಮೆಟ್ಟಿಲಿಳಿದು ಹೋಗುವವಳಾಗಿದ್ದೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಗುಳಿಕೆನ್ನೆ ಅಕ್ಕ ಪಕ್ಕದ ಮನೆಯವರ ಜೊತೆ ಅಲ್ಲಿಗೆ ಬಂದರು. ನನ್ನನ್ನು ಕಂಡದ್ದೇ ತಡ, ಹಾಡಿನ ಮಧ್ಯೆ ಎದ್ದು ನಿಂತು ದೂರದಿಂದಲೇ ತುಟಿಯ ಮೇಲೆ ಗುಂಡಿ ಹಾಕಿ ಕರೆದರು. ಸಭೆಯೆಲ್ಲ ತಿರುಗಿ ನೋಡಿತು. ಆ ದಿನದಿಂದ ನನ್ನ ಜಾಗ ಹಿಂದಿನ ಬೆಂಚಲ್ಲ, ಪಾಸ್ಟರ್ ಮಾತನ್ನು ಸನ್ನೆಯಲ್ಲಿ ಹೇಳಲು ಪ್ರಸಂಗಪೀಠದ ಪಕ್ಕ. ಮುಂದಿನ ತಿಂಗಳುಗಳಲ್ಲಿ ಕಾರ್ಖಾನೆಯ ಇನ್ನೂ ನಾಲ್ಕು ಜನ ಕಿವುಡರು ಬಂದು ಸೇರಿದರು. ಎಡಗಡೆಯ ಎರಡನೇ ಬೆಂಚು ಅವರದಾಯಿತು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಸ್ಟೀಲ್ ತಟ್ಟೆಯಲ್ಲಿ ರೊಟ್ಟಿಯ ತುಂಡುಗಳು ಬೆಂಚಿನಿಂದ ಬೆಂಚಿಗೆ ಹೋಗುತ್ತವೆ. ದೀಕ್ಷಾಸ್ನಾನ ಆಗದವರು ತೆಗೆದುಕೊಳ್ಳುವಂತಿಲ್ಲ, ತಟ್ಟೆಯನ್ನು ಮುಂದಿನವರಿಗೆ ದಾಟಿಸಬೇಕು. ಗುಳಿಕೆನ್ನೆ ಅಕ್ಕ ಎರಡು ವರ್ಷ ದಾಟಿಸಿದರು. ಈ ಜನವರಿಯಲ್ಲಿ, ಕಾರ್ಖಾನೆಯ ಕ್ಯಾಂಟೀನಿನಲ್ಲಿ, ನನ್ನ ಭುಜ ತಟ್ಟಿ ಹೇಳಿದರು:

"ಬೆಳಿಗ್ಗೆಯಿಂದ ಸಂಜೆವರೆಗೂ ಪೀಸ್ ತಗೊಂಡು ಮುಂದಿನ ಮಷಿನ್‌ಗೆ ದಾಟಿಸ್ತೀನಿ. ಭಾನುವಾರನೂ ದಾಟಿಸೋದೇನಾ? ಸಾಕು. ನಂಗೆ ಸ್ನಾನ ಬೇಕು, ಪಾಸ್ಟರ್‌ಗೆ ಹೇಳು."

ಹೇಳಿದೆ. ಪಾಸ್ಟರ್ ಖುಷಿಪಟ್ಟರು. ಶನಿವಾರ ಮಧ್ಯಾಹ್ನ ಎಂಟು ಪಾಠ, ಈಸ್ಟರ್ ಕಳೆದ ಮೇಲೆ ಬರುವ ಮೊದಲ ಭಾನುವಾರ ದೀಕ್ಷಾಸ್ನಾನ ಎಂದು ಗೊತ್ತಾಯಿತು.

ನನ್ನ ತರಬೇತಿಯಲ್ಲಿ ದುಭಾಷಿಗೆ ಒಂದು ನಿಯಮ ಕಲಿಸಿದ್ದರು: ಸೇರಿಸಬೇಡ, ಬಿಡಬೇಡ, ನಿನ್ನ ಅಭಿಪ್ರಾಯ ಹೇಳಬೇಡ. ಮೊದಲ ಪಾಠಕ್ಕೆ ಮುಂಚೆ ಇದನ್ನು ಪಾಸ್ಟರ್‌ಗೆ ವಿವರಿಸಿದಾಗ ಅವರ ಮುಖ ಅರಳಿತು. "ಇದು ದೇವರ ವಾಕ್ಯದಲ್ಲೇ ಇದೆ ಸಿಸ್ಟರ್. ಬೈಬಲಿನ ಕಟ್ಟಕಡೆಯ ಅಧ್ಯಾಯದಲ್ಲಿ. ಸೇರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ. ನಾವಿಬ್ರೂ ಒಂದೇ ಕೆಲಸದವರು!"

ಆ ಹೋಲಿಕೆ ನನಗೂ ಹಿತವೆನಿಸಿತ್ತು. ಚಿಕ್ಕಂದಿನಲ್ಲಿ ಬೈಬಲ್ ವಚನಗಳನ್ನು ಅಕ್ಷರ ತಪ್ಪದೆ ಬಾಯಿಪಾಠ ಒಪ್ಪಿಸಿ ಬಹುಮಾನ ತೆಗೆದುಕೊಂಡವಳು ನಾನು. ಪಾಸ್ಟರ್ ಶುಕ್ರವಾರವೇ ಪಾಠದ ವಚನಗಳನ್ನು ವಾಟ್ಸಾಪ್ ಮಾಡುತ್ತಿದ್ದರು. ನಾನು ಒಂದೊಂದು ಪದಕ್ಕೂ ಸನ್ನೆ ಹೊಂದಿಸಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಕೈ ಸ್ಪಷ್ಟವಾಗಿ ಕಾಣಲೆಂದು ಗಾಢ ಬಣ್ಣದ ಹೂವಿಲ್ಲದ ಚೂಡಿದಾರ್ ಹಾಕಿಕೊಂಡು ಹೋಗುತ್ತಿದ್ದೆ.

ಎರಡನೇ ಪಾಠದಲ್ಲೇ ಎಡವಿದೆ. ಯೇಸು ತನ್ನನ್ನು ಬಾಗಿಲು ಎಂದು ಕರೆದುಕೊಳ್ಳುವ ಭಾಗ. ನಾನು ನಿಯಮದಂತೆ ಮಾಡಿದೆ. 'ನಾನು', ಆಮೇಲೆ 'ಬಾಗಿಲು'.

ಗುಳಿಕೆನ್ನೆ ಅಕ್ಕ ಹುಬ್ಬೇರಿಸಿದರು. "ಯಾವ ಬಾಗಿಲು? ಮರದ್ದಾ, ರೋಲಿಂಗ್ ಶಟರ್‌ದಾ?"

ಪ್ರಶ್ನೆ ತಮಾಷೆಯದಲ್ಲ. ಸನ್ನೆಯಲ್ಲಿ ಸುಮ್ಮನೆ 'ಬಾಗಿಲು' ಎನ್ನುವುದು ಕಷ್ಟ. ತಳ್ಳುವ ಬಾಗಿಲಿಗೆ ಕೈ ಒಂದು ಥರ, ಮೇಲಕ್ಕೆತ್ತುವ ಶಟರ್‌ಗೆ ಇನ್ನೊಂದು ಥರ. ನಾನು ದನಿ ಕೊಟ್ಟು ಪಾಸ್ಟರ್‌ಗೆ ದಾಟಿಸಿದೆ. ಅವರು ಜೋರಾಗಿ ನಕ್ಕು, ಕುರಿಹಟ್ಟಿಗೆ ಆಗ ಕದವೇ ಇರುತ್ತಿರಲಿಲ್ಲವಂತೆ, ಗೋಡೆ ಬಿಟ್ಟ ಜಾಗದಲ್ಲಿ ಕುರುಬನೇ ಅಡ್ಡ ಮಲಗುತ್ತಿದ್ದನಂತೆ, ಅವನನ್ನು ದಾಟದೆ ತೋಳ ಒಳಗೆ ಬರಲಾಗದು ಎಂದು ವಿವರಿಸಿದರು. ನಾನು ಗಾಳಿಯಲ್ಲಿ ಹಟ್ಟಿಯ ಗೋಡೆ ಎಳೆದೆ. ತೆರವು ತೋರಿಸಿದೆ. ಆ ತೆರವಿಗೆ ಅಡ್ಡಲಾಗಿ ನನ್ನ ಮುಂಗೈ ಮಲಗಿಸಿದೆ.

ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿದರು. "ನಮ್ಮ ಗೇಟ್ ಸೆಕ್ಯುರಿಟಿ ತಾತ ಕುರ್ಚಿ ಅಡ್ಡ ಹಾಕ್ಕೊಂಡು ಕೂತಿರ್ತಾನಲ್ಲ, ಹಂಗೆ. ಇದನ್ನ ಮೊದಲೇ ಹೇಳೋಕ್ಕೇನಾಗಿತ್ತು ನಿಂಗೆ?"

ಅಂದು ಮನೆಗೆ ನಡೆಯುತ್ತಾ ಯೋಚಿಸಿದೆ. ನಾನು ಒಂದು ಪದವನ್ನೂ ಸೇರಿಸದೆ ಹೇಳಿದಾಗ ಅವರಿಗೆ ತಲುಪಿದ್ದು ಶಟರ್. ಒಂದು ಹಟ್ಟಿ, ಒಂದು ಗೋಡೆ, ಮಲಗಿದ ಒಬ್ಬ ಮನುಷ್ಯನನ್ನು ಸೇರಿಸಿದಾಗ ತಲುಪಿದ್ದು ವಾಕ್ಯ.

ನಾಲ್ಕನೇ ಪಾಠಕ್ಕೆ ಸಭೆಯ ಹಿರಿಯರೊಬ್ಬರೂ ಬಂದು ಕುಳಿತರು. ಅವರು ಪೀಣ್ಯ ಎರಡನೇ ಹಂತದಲ್ಲಿ ಶೀಟ್ ಮೆಟಲ್ ಪ್ರೆಸ್ ಇಟ್ಟಿದ್ದಾರೆ. ದೀಕ್ಷಾಸ್ನಾನದ ಸ್ಟೀಲ್ ತೊಟ್ಟಿಯನ್ನು ಸಭೆಗೆ ಮಾಡಿಸಿಕೊಟ್ಟವರೂ ಅವರೇ. ವಚನ ಎಲ್ಲಿದೆ ಎಂದರೆ ಬೈಬಲ್ ತೆಗೆಯದೆ ಪುಟದ ಎಡಭಾಗವೋ ಬಲಭಾಗವೋ ಹೇಳಬಲ್ಲರು. ಅಂದಿನ ಪಾಠ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹತ್ತನೇ ಅಧ್ಯಾಯ: ಹೃದಯದಿಂದ ನಂಬಬೇಕು, ಬಾಯಿಂದ ಅರಿಕೆ ಮಾಡಬೇಕು.

'ಅರಿಕೆ'ಗೆ, ಅಂದರೆ ನಂಬಿದ್ದನ್ನು ಎಲ್ಲರೆದುರು ಹೇಳಿಕೊಳ್ಳುವುದಕ್ಕೆ, ನಮ್ಮಲ್ಲಿ ಎದೆಯಿಂದ ಎರಡೂ ಕೈ ತೆರೆದು ಮುಂದಕ್ಕೆ ತರುವ ಸನ್ನೆಯೊಂದಿದೆ. ಅದನ್ನಷ್ಟೇ ಮಾಡಿ 'ಬಾಯಿ'ಯನ್ನು ಬಿಟ್ಟುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬಿಡಬೇಡ ಎಂಬುದು ನಿಯಮ. ನಾನು ತುಟಿ ಮುಟ್ಟಿ ತೋರಿಸಿದೆ.

ಅಕ್ಕ ತಮ್ಮ ತುಟಿ ಮುಟ್ಟಿಕೊಂಡು ಕೇಳಿದರು. "ಇದಾ?"

ಪಾಸ್ಟರ್ ಉತ್ತರಿಸುವ ಮೊದಲೇ ಹಿರಿಯರು ಮುಂದೆ ಬಾಗಿದರು. "ಅದೇ ನಾನೂ ಕೇಳೋಣ ಅಂತಿದ್ದೆ ಪಾಸ್ಟರ್. ಸ್ನಾನದ ದಿನ ಈ ತಂಗಿ ಹೆಂಗೆ ಅರಿಕೆ ಮಾಡ್ತಾಳೆ? ಬಾಯಿಂದ ಅಂತ ಬರೆದೈತೆ."

"ಸನ್ನೆಯಲ್ಲಿ ಮಾಡ್ತಾರೆ. ಸಿಸ್ಟರ್ ದನಿ ಕೊಡ್ತಾರೆ," ಎಂದರು ಪಾಸ್ಟರ್.

"ಕೈಯಿಂದ ಅಂತ ಬರೆದಿಲ್ವಲ್ಲ."

ಇದನ್ನೆಲ್ಲ ನಾನು ಸನ್ನೆಗೆ ಇಳಿಸುತ್ತಲೇ ಇದ್ದೆ. ಅಕ್ಕನ ಕೈ ಮೇಲೆದ್ದಿತು. "ಬಾಗಿಲು ಚಿತ್ರ ಅಂದ್ರಿ. ಕುರಿಗಳು ಅಂದ್ರೆ ನಾವು, ಅದೂ ಚಿತ್ರ ಅಂದ್ರಿ. ಬಾಯಿ ಮಾತ್ರ ನಿಜವಾದ ಬಾಯಾ? ಯಾರು ವಿಂಗಡಿಸಿದ್ದು? ಎಲ್ಲಾದ್ರೂ ಪಟ್ಟಿ ಇದ್ಯಾ?"

ಪಾಸ್ಟರ್ ಬೈಬಲ್ ತೆರೆದು ಅದೇ ಅಧ್ಯಾಯವನ್ನು ಮತ್ತೆ ಓದತೊಡಗಿದರು. ಹಿರಿಯರು ಬಿಡಲಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. "ನೋಡಮ್ಮಾ, ಒಂದು ಕಡೆ ಸಡಿಲ ಮಾಡಿದ್ರೆ ಇನ್ನೊಂದು ಕಡೆ ಸಡಿಲ ಆಯ್ತದೆ. ಒಂದು ಎಳೆ ಬಿಚ್ಚಿದ್ರೆ ಪೂರ್ತಿ ಬಟ್ಟೆ ಬಿಚ್ಕೊಳ್ತದೆ."

ಗುಳಿಕೆನ್ನೆ ಅಕ್ಕನ ಕೆನ್ನೆಯಲ್ಲಿ ಗುಳಿ ಮೂಡಿತು. "ಅದಕ್ಕೇ ತಾನೇ ಓವರ್‌ಲಾಕ್ ಇರೋದು? ಹದಿನಾಲ್ಕು ವರ್ಷದಿಂದ ನಾನು ಮಾಡ್ತಿರೋದು ಅದನ್ನೇ. ಅಂಚು ಭದ್ರ ಇದ್ರೆ ಬಟ್ಟೆ ಎಷ್ಟು ಎಳೆದ್ರೂ ಬಿಚ್ಚಲ್ಲ ಅಂತ ಅಣ್ಣಂಗೆ ಹೇಳು."

ಹೇಳಿದೆ. ಹಿರಿಯರು ನಕ್ಕರು, ಆದರೆ ಒಪ್ಪಲಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಅಕ್ಕನಿಗೆ ಸ್ವಲ್ಪ ದನಿ ಬರುತ್ತದೆಯಲ್ಲ, 'ಯೇಸುವೇ ಕರ್ತನು' ಎಂಬ ಎರಡು ಪದ ಹೇಳಿದರೆ ಸಾಕು. ನಾಲ್ಕು ವಾರ ಸಮಯವಿದೆ. ಕಲಿಸುವುದು ನನ್ನ ಕೆಲಸ.

ಕಾರ್ಖಾನೆ ಬಿಟ್ಟ ಮೇಲೆ ಸಂಜೆ ಟ್ರೈನಿಂಗ್ ರೂಮಿನಲ್ಲಿ ಶುರುಮಾಡಿದೆವು. ವಿಧಾನ ನನಗೆ ಗೊತ್ತಿತ್ತು. ಅವರ ಒಂದು ಕೈ ನನ್ನ ಗಂಟಲಿನ ಮೇಲೆ, ಇನ್ನೊಂದು ಅವರ ಗಂಟಲಿನ ಮೇಲೆ, ಕಂಪನ ಹೋಲಿಸಲು. ಎದುರಿಗೆ ಕನ್ನಡಿ. ತುಟಿಯ ಮುಂದೆ ಒಂದು ಕಾಗದದ ಚೂರು, ಉಸಿರು ಎಷ್ಟು ಹೊರಟಿತೆಂದು ನೋಡಲು. 'ಯೇ' ಹೇಗೋ ಬಂತು. 'ಸು' ಬರಲಿಲ್ಲ. ಕಿವಿ ಕೇಳದವರಿಗೆ ಅದು ಕಾಣುವ ಅಕ್ಷರವಲ್ಲ, ನಾಲಗೆ ಹಲ್ಲಿನ ಹಿಂದೆ ಅಡಗಿರುತ್ತದೆ. 'ಕರ್ತ' ಇನ್ನೂ ಕಷ್ಟ, ಅದರ ಮೊದಲ ಅಕ್ಷರವೇ ಗಂಟಲಿನೊಳಗೆ ಹುಟ್ಟುತ್ತದೆ.

ಮೂರನೇ ಸಂಜೆ ಪಕ್ಕದ ಲೈನಿನ ಇಬ್ಬರು ಹುಡುಗಿಯರು ಬಾಗಿಲ ಬಳಿ ನಿಂತು, ಇಣುಕಿ, ಬಾಯಿಗೆ ದುಪ್ಪಟ್ಟಾ ಅಡ್ಡ ಹಿಡಿದು ಹೋದರು. ಅಕ್ಕನಿಗೆ ನಗು ಕೇಳಿಸದಿದ್ದರೂ ಕಂಡಿತು. ಅವರು ನನ್ನ ಗಂಟಲಿನಿಂದ ಕೈ ತೆಗೆದರು.

"ಸ್ಕೂಲಲ್ಲಿ ನಮ್ಮನ್ನ ಕೈ ಮೇಲೆ ಕೂರಿಸ್ತಿದ್ರು," ಎಂದರು. "ಎರಡೂ ಕೈ ತೊಡೆ ಕೆಳಗೆ. ಸನ್ನೆ ಮಾಡಬಾರದು ಅಂತ. ಬಾಯಿ ತೆಗಿ, ಬಾಯಿ ತೆಗಿ ಅನ್ನೋರು. ತೆಗೆದ್ರೆ ಪಕ್ಕದ ಕ್ಲಾಸಿನವರು ಹಿಂಗೇ ಇಣುಕೋರು." ಆಮೇಲೆ, "ನಾನು ದೇವರ ಹತ್ರ ದಿನಾ ಮಾತಾಡ್ತೀನಿ. ಕೈಯಲ್ಲೇ. ಅವನು ಒಂದಿನಾನೂ ಅರ್ಥ ಆಗ್ಲಿಲ್ಲ ಅಂದಿಲ್ಲ. ಅವನಿಗೆ ದುಭಾಷಿನೂ ಬೇಕಾಗಿಲ್ಲ, ನಿನ್ನ ಕೆಲಸಕ್ಕೆ ಕುತ್ತು!"

ತಮಾಷೆ ಮಾಡಿದ್ದು ನನ್ನನ್ನು ಸಮಾಧಾನಪಡಿಸಲು. ಕಾಗದದ ಚೂರನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ. ಆ ಪಾಠ ಮತ್ತೆ ನಡೆಯಲಿಲ್ಲ. ಪಾಸ್ಟರ್‌ಗೆ ಫೋನ್ ಮಾಡಿ, ಇದನ್ನು ನಾನು ಮುಂದುವರಿಸಲಾರೆ ಎಂದಷ್ಟೇ ಹೇಳಿದೆ. ಕಾರಣ ಅಕ್ಕನ ಖಾಸಗಿ ವಿಷಯ, ಹೇಳುವ ಹಕ್ಕು ನನಗಿರಲಿಲ್ಲ. ಪಾಸ್ಟರ್ ಕೆದಕಲಿಲ್ಲ. "ರಿಹರ್ಸಲ್ ದಿನ ನೋಡೋಣ ಸಿಸ್ಟರ್. ಹಿರಿಯರು ಕೆಟ್ಟವರಲ್ಲ. ನಾನೂ ಇನ್ನೂ ಓದ್ತಾ ಇದೀನಿ," ಎಂದರು.

ರಿಹರ್ಸಲ್ ದೀಕ್ಷಾಸ್ನಾನದ ಹಿಂದಿನ ದಿನ, ಶನಿವಾರ, ಕಟ್ಟಡದ ತಾರಸಿಯ ಮೇಲೆ. ತೊಟ್ಟಿಗೆ ಅರ್ಧ ನೀರು ತುಂಬಿಸಿದ್ದರು. ಒಂದು ಮೂಲೆಯ ವೆಲ್ಡಿಂಗ್ ಜಿನುಗುತ್ತಿತ್ತು. ಹಿರಿಯರು ಎಂ-ಸೀಲ್ ಮೆತ್ತುತ್ತಾ, "ಇಪ್ಪತ್ತು ವರ್ಷದ ಪ್ರೆಸ್ಸು ನಂದು, ನಮ್ಮ ಸಭೆ ತೊಟ್ಟಿನೇ ಸೋರ್ತದೆ," ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನನಗೆ ನನ್ನದೇ ಲೆಕ್ಕಾಚಾರ. ತೊಟ್ಟಿಯೊಳಗೆ ನಿಂತವರಿಗೆ ನನ್ನ ಕೈ ಕಾಣಬೇಕು, ಬಿಸಿಲು ಅವರ ಕಣ್ಣಿಗೆ ಹೊಡೆಯಬಾರದು, ಪಾಸ್ಟರ್ ಮಧ್ಯೆ ಅಡ್ಡ ಬರಬಾರದು. ಮೂರು ಕಡೆ ನಿಂತು ನೋಡಿ, ಕೊನೆಗೆ ಪಾಸ್ಟರ್ ಎಡಭುಜದ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಹತ್ತಿ ನಿಂತೆ.

ಪಾಸ್ಟರ್ ಮತ್ತು ಅಕ್ಕ ನೀರಿಗಿಳಿದರು. ಪದ್ಧತಿ ಯಾವಾಗಲೂ ಇರುವಂತೆಯೇ. ಸ್ನಾನ ತೆಗೆದುಕೊಳ್ಳುವವರು ಎದೆಯ ಮೇಲೆ ಎರಡೂ ಕೈ ಕಟ್ಟಿಕೊಳ್ಳಬೇಕು, ಪಾಸ್ಟರ್ ಒಂದು ಕೈಯಿಂದ ಆ ಕೈಗಳನ್ನು ಬಿಗಿಯಾಗಿ ಹಿಡಿದು, ಇನ್ನೊಂದನ್ನು ಬೆನ್ನಿಗೆ ಆನಿಸಿ, ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ಮುಳುಗಿಸುತ್ತಾರೆ. ಕಾಲು ಜಾರಿದರೆ ಬೀಳಬಾರದೆಂದು ಹಿಡಿಯುವುದು. ಪಾಸ್ಟರ್ ಅಭ್ಯಾಸಬಲದಿಂದ ಹಿಡಿದರು. "ಯೇಸುವನ್ನು ನಿನ್ನ ಕರ್ತನೆಂದು ಅರಿಕೆ ಮಾಡುತ್ತೀಯಾ?"

ನಾನು ಪ್ರಶ್ನೆಯನ್ನು ದಾಟಿಸಿದೆ. ಅಕ್ಕ ಉತ್ತರಿಸಲು ಹೊರಟರು. ಕೈ ಬರಲಿಲ್ಲ. ಎಳೆದರು. ಅವರಿಗೆ ಹೆದರಿಕೆಯಾಯಿತೆಂದುಕೊಂಡ ಪಾಸ್ಟರ್ ಇನ್ನೂ ಗಟ್ಟಿಯಾಗಿ ಹಿಡಿದು, "ಭಯ ಬೇಡ ಸಿಸ್ಟರ್, ಭಯ ಬೇಡ," ಎಂದರು. ಅಕ್ಕ ನನ್ನ ಕಡೆ ನೋಡಿದರು. ಸಾಮಾನ್ಯವಾಗಿ ಅವರ ಮುಖದಲ್ಲಿ ಹತ್ತು ಮಾತಿರುತ್ತವೆ. ಆಗ ಇದ್ದದ್ದು ಒಂದೇ. ಕೈ ತೊಡೆಯ ಕೆಳಗಿಟ್ಟು ಕುಳಿತ ಹುಡುಗಿಯ ಮುಖ ಅದು ಎಂದು ನನಗೆ ಮಾತ್ರ ಗೊತ್ತಿತ್ತು.

ತೊಟ್ಟಿಯ ಅಂಚಿನಲ್ಲಿ ನಿಂತಿದ್ದ ಹಿರಿಯರು ನನ್ನತ್ತ ತಿರುಗಿದರು. ಅವರ ಕಣ್ಣಲ್ಲಿ ನಿಜವಾದ ಕಾಳಜಿಯಿತ್ತು. "ನೀನೇ ಹೇಳ್ಬಿಡಮ್ಮಾ ಅವಳ ಪರವಾಗಿ. ಬಾಯಿಂದ ಆಗ್ಬೇಕು ಅಷ್ಟೇ ತಾನೇ? ನಿನ್ನ ಬಾಯಿಂದ ಆದ್ರೂ ಆಗ್ಲಿ. ವಾಕ್ಯನೂ ಉಳೀತದೆ, ಅವಳ ಸ್ನಾನನೂ ಆಯ್ತದೆ."

ಸುಲಭದ ದಾರಿ. ಎರಡು ಪದ. ನಾನು ಹೇಳಿದ್ದರೆ ಎಲ್ಲರೂ ಚಹಾ ಕುಡಿಯಲು ಕೆಳಗಿಳಿಯಬಹುದಿತ್ತು. ಆದರೆ ಅವರು ಇನ್ನೂ ಏನೂ ಹೇಳಿರಲಿಲ್ಲ. ಹೇಳದ್ದನ್ನು ಹೇಳುವುದು ನನ್ನ ಕೆಲಸದಲ್ಲಿ ಅತಿ ದೊಡ್ಡ ತಪ್ಪು. ಅಭಿಪ್ರಾಯ ಹೇಳುವುದು ಅದಕ್ಕಿಂತ ಚಿಕ್ಕದು. ಸ್ಟೂಲಿನ ಮೇಲೆ ನಿಂತು, ಎರಡು ವರ್ಷದಲ್ಲಿ ಮೊದಲ ಸಲ ಆ ಸಭೆಯಲ್ಲಿ ನನ್ನ ಸ್ವಂತ ಮಾತು ಆಡಿದೆ.

"ಇಲ್ಲ ಅಂಕಲ್. ಅವರು ಹೇಳದೆ ನಾನು ಹೇಳಲ್ಲ. ಅವರು ಹೇಳೋಕೇ ನೋಡ್ತಿದಾರೆ. ಪಾಸ್ಟರ್, ಅವರ ಬಾಯಿ ನಿಮ್ಮ ಕೈಯಲ್ಲಿದೆ. ಬಿಡಿ."

ಪಾಸ್ಟರ್ ತಮ್ಮ ಮುಷ್ಟಿಯನ್ನು ನೋಡಿಕೊಂಡರು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಬಿಟ್ಟರು. ಅಷ್ಟು ಹೊತ್ತು ಎಳೆಯುತ್ತಲೇ ಇದ್ದ ಅಕ್ಕನ ಕೈಗಳು ಒಮ್ಮೆಲೇ ಹಾರಿ, ನೀರು ರಾಚಿ, ಹಿರಿಯರ ಇಸ್ತ್ರಿ ಶರ್ಟು ಎದೆಯವರೆಗೂ ನೆನೆಯಿತು.

ಅಕ್ಕ ಹಿರಿಯರ ಶರ್ಟು ನೋಡಿ, ನನಗೆ ಹೇಳಿದರು: "ಅಣ್ಣಂಗೆ ಹೇಳು, ಎಲ್ಲರಿಗಿಂತ ಮೊದಲು ಅವರದ್ದೇ ಆಯ್ತು ಸ್ನಾನ."

ದನಿ ಕೊಟ್ಟೆ. ಪಾಸ್ಟರ್ ತೊಟ್ಟಿಯ ಅಂಚು ಹಿಡಿದುಕೊಂಡು ನಕ್ಕರು. ಹಿರಿಯರೂ ಶರ್ಟು ಹಿಂಡುತ್ತಾ ನಕ್ಕರು. ನಗು ನಿಂತ ಮೇಲೆ ಪಾಸ್ಟರ್ ಮೆಲ್ಲಗೆ ಹೇಳಿದರು: "ನಾನು ಇಷ್ಟು ವರ್ಷದಿಂದ ಬಾಯಿಂದ, ಬಾಯಿಂದ ಅಂತ ಬೋಧಿಸ್ತಿದೀನಿ. ಇವತ್ತು ನಾನೇ ಒಬ್ಬರ ಬಾಯಿ ಮುಚ್ಚಿ, ಮಾತಾಡು ಅಂತಿದ್ದೆ."

ಹಿರಿಯರು ಕೂಡಲೇ ಒಪ್ಪಲಿಲ್ಲ. ಎಂ-ಸೀಲ್ ಮೆತ್ತಿದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದರು. ಮತ್ತೆ ಒತ್ತಿದರು. ಆಮೇಲೆ ಯಾರನ್ನೂ ನೋಡದೆ ಅಂದರು: "ನಮ್ಮ ಶಾಪಲ್ಲಿ ಪ್ರೆಸ್ ಓಡ್ತಿರುವಾಗ ಪಕ್ಕದಲ್ಲಿ ಬಾಂಬ್ ಬಿದ್ರೂ ಕೇಳಲ್ಲ. ದಿನವಿಡೀ ಕೈಯಲ್ಲೇ ಹೇಳ್ತೀನಿ. ಎತ್ತು, ಇಳಿಸು, ನಿಲ್ಸು." ಅಂಗೈ ಎತ್ತಿ 'ನಿಲ್ಸು' ತೋರಿಸಿದರು. "ನಾನು ಹಿಂಗಂದ್ರೆ ಆಪರೇಟರ್ ನಿಲ್ಸಲೇಬೇಕು. ನೀವು ಬಾಯಲ್ಲಿ ಹೇಳ್ಲಿಲ್ಲ ಸಾರ್ ಅಂತ ಯಾವನಾದ್ರೂ ಅಂದ್ರೆ ಅವತ್ತೇ ಮನೆಗೆ ಕಳಿಸ್ತೀನಿ." ಅಂಗೈ ಇಳಿಸಿ, "ಪೌಲನೂ ಅಷ್ಟೇ ಹೇಳಿರ್ಬೇಕು. ಒಳಗಿರೋದು ಹೊರಗೆ ಬರ್ಲಿ, ಎಲ್ರಿಗೂ ಗೊತ್ತಾಗ್ಲಿ ಅಂತ. ಅಲ್ವಾ ಪಾಸ್ಟರ್?"

"ನನಗೂ ಹಾಗೇ ಅನ್ನಿಸ್ತಿದೆ," ಎಂದರು ಪಾಸ್ಟರ್.

ಅಲ್ಲೇ ನೀರಿನಲ್ಲಿ ನಿಂತೇ ಹೊಸ ಕ್ರಮ ಗೊತ್ತುಮಾಡಿದೆವು. ಮೊದಲು ಪ್ರಶ್ನೆ. ಕೈ ಹಿಡಿಯುವಂತಿಲ್ಲ. ಅಕ್ಕನ ಅರಿಕೆ, ಅದು ಮುಗಿದ ಮೇಲೆ ನನ್ನ ದನಿ. ಮುಳುಗಿದಾಗ ಕಣ್ಣು ಮುಚ್ಚಿರುತ್ತದೆ, ಏನೂ ಕಾಣದು. ಆದ್ದರಿಂದ 'ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ' ಎಂಬುದನ್ನು ಮುಂಚೆಯೇ ಹೇಳಿ, ನಾನು ದಾಟಿಸಿ, ಅವರು ತಲೆಯಾಡಿಸಿದ ಮೇಲೆ ಮಾತ್ರ ಪಾಸ್ಟರ್ ಕೈ ಹಿಡಿಯಬೇಕು. ಎರಡು ಸಲ ಮುಳುಗಿಸದೆ ಒಣ ಅಭ್ಯಾಸ, ಒಂದು ಸಲ ಒದ್ದೆ. ಹಿರಿಯರು ಪಕ್ಕದಲ್ಲಿ ನಿಂತು ಹಂತಗಳನ್ನು ಬೆರಳಿನಲ್ಲಿ ಎಣಿಸಿದರು.

ಭಾನುವಾರ ನೀರಿನ ಟ್ಯಾಂಕರ್ ಮುಕ್ಕಾಲು ಗಂಟೆ ತಡ. ಸಭೆ ತಾರಸಿಯ ಮೇಲೆ ಒಂದಾದ ಮೇಲೊಂದು ಹಾಡಿ, ಗೊತ್ತಿದ್ದ ಹಾಡೆಲ್ಲ ಮುಗಿದು, ಮೊದಲಿನದನ್ನೇ ಮತ್ತೆ ಶುರುಮಾಡಿತ್ತು. ಕೊನೆಗೂ ಪೈಪು ಬಂತು. ತೊಟ್ಟಿ ಸೋರಲಿಲ್ಲ.

ಪಾಸ್ಟರ್ ಪ್ರಶ್ನೆ ಕೇಳಿ, ತಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಗುಳಿಕೆನ್ನೆ ಅಕ್ಕ ನೀರಿನಿಂದ ಕೈ ಎತ್ತಿದರು. ಬೆರಳುಗಳಿಂದ ನೀರು ಸುರಿಯುತ್ತಿತ್ತು. ಎರಡೇ ಪದ ಸಾಕೆಂದಿದ್ದರೂ ಅವರು ನಿಲ್ಲಿಸಲಿಲ್ಲ. ಕರ್ತನೆಂದರು. ಆಮೇಲೆ ಗಾಳಿಯಲ್ಲಿ ಒಂದು ಹಟ್ಟಿಯ ಗೋಡೆ ಎಳೆದರು, ತೆರವು ತೋರಿಸಿದರು, ತಮ್ಮ ಮುಂಗೈಯನ್ನು ಅದಕ್ಕೆ ಅಡ್ಡ ಮಲಗಿಸಿದರು, ಹಟ್ಟಿಯ ಒಳಗೆ ಬೆರಳು ತೋರಿಸಿ, ಆ ಬೆರಳನ್ನು ತಮ್ಮ ಎದೆಗೆ ತಂದರು. ನಾನು ದನಿ ಕೊಟ್ಟೆ: "ಯೇಸುವೇ ನನ್ನ ಕರ್ತನು. ಅವನು ಬಾಗಿಲಲ್ಲಿ ಮಲಗಿದ್ದಾನೆ. ನಾನು ಒಳಗಿದ್ದೇನೆ."

ಅವರು ಮುಳುಗಿ ಎದ್ದಾಗ ಎರಡನೇ ಬೆಂಚಿನ ನಾಲ್ವರು ಎರಡೂ ಕೈ ಮೇಲೆತ್ತಿ ಆಡಿಸಿದರು, ಕಿವುಡರ ಚಪ್ಪಾಳೆ. ಅದನ್ನು ನೋಡಿ ಇಡೀ ತಾರಸಿ ಕೈ ಆಡಿಸಿತು. ಹಿರಿಯರ ಕೈಯೇ ಎಲ್ಲಕ್ಕಿಂತ ಮೇಲಿತ್ತು.

ಅದು ತಿಂಗಳ ಮೊದಲ ಭಾನುವಾರವೂ ಆಗಿತ್ತು, ಕರ್ತನ ಭೋಜನಕ್ಕೆ ಕೆಳಗಿಳಿದೆವು. ನಾನು ಪ್ರಸಂಗಪೀಠದ ಪಕ್ಕ ನಿಂತು ಪಾಸ್ಟರ್ ಮಾತನ್ನು ದಾಟಿಸುತ್ತಿದ್ದೆ. ತಟ್ಟೆ ಬೆಂಚಿನಿಂದ ಬೆಂಚಿಗೆ ಬಂತು. ಗುಳಿಕೆನ್ನೆ ಅಕ್ಕ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಕುಳಿತಿದ್ದರು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ತುಂಡು ತೆಗೆದು ಬಾಯಿಗಿಟ್ಟುಕೊಂಡರು. ಆಮೇಲೆ ಇನ್ನೊಂದು ತುಂಡು ತೆಗೆದರು. ನನಗೆ ಗಾಬರಿಯಾಯಿತು, ಒಬ್ಬರಿಗೆ ಒಂದೇ ಎಂದು ಅವರಿಗೆ ಯಾವ ಪಾಠದಲ್ಲೂ ಹೇಳಿರಲಿಲ್ಲ.

ಅವರು ತಟ್ಟೆ ದಾಟಿಸಿ, ಎದ್ದು, ನೇರ ನನ್ನ ಬಳಿ ಬಂದರು. ಎರಡು ವರ್ಷದಿಂದ, ತಟ್ಟೆ ಬರುವ ಹೊತ್ತಿಗೆ ನನ್ನ ಎರಡೂ ಕೈ ಕೆಲಸದಲ್ಲಿರುತ್ತಿದ್ದವು. ತಟ್ಟೆ ನನ್ನ ಮುಂದೆ ಹಾದುಹೋಗುತ್ತಿತ್ತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ತಾವೂ ದಾಟಿಸುತ್ತಿದ್ದವರೊಬ್ಬರು ಅದನ್ನು ಎರಡನೇ ಬೆಂಚಿನಿಂದ ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

ಪಾಸ್ಟರ್ ಮಾತು ನಿಲ್ಲಿಸಿರಲಿಲ್ಲ, ನನ್ನ ಕೈಯೂ ನಿಂತಿರಲಿಲ್ಲ. ಅಕ್ಕ ನನ್ನ ಮುಂದೆ ನಿಂತು ನನ್ನ ಹೆಸರು ಕರೆದರು, ಆದರೆ ತಿರುವುಮುರುವಾಗಿ. ಬೆರಳನ್ನು ನನ್ನ ತುಟಿಯ ಹತ್ತಿರ ತಂದು ಗುಂಡಿ ಬಿಚ್ಚಿದರು. ನಾನು ಬಾಯಿ ತೆರೆದೆ. ರೊಟ್ಟಿಯ ತುಂಡು ಇಟ್ಟು, ಟವೆಲ್ ಸರಿಮಾಡಿಕೊಂಡು, ತಮ್ಮ ಬೆಂಚಿಗೆ ಹೋಗಿ ಕುಳಿತರು.